ಕಿಟಕಿಯಿಂದ ಹತ್ತಿದ ಟವೆಲ್

ಮೋನಪ್ಪ ಸರ್ ಒಂದು ದಿನವೂ ತಾವು ಮೊದಲು ಬಸ್ಸು ಹತ್ತಿದವರಲ್ಲ. ಮೊದಲು ಹತ್ತುತ್ತಿದ್ದುದು ಅವರ ಟವೆಲ್. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಸುರಪುರದ ಗಾಡಿ ಬಂದು ತಿರುಗಿ ನಿಲ್ಲುವಷ್ಟರಲ್ಲಿ, ಹೆಗಲ ಮೇಲಿನ ಹಸಿರಂಚಿನ ಬಿಳಿ ಟವೆಲ್ ಅವರ ಕೈಗೆ ಬಂದು, ಉಂಡೆಯಾಗಿ, ಕಿಟಕಿಯ ಸರಳುಗಳ ನಡುವೆ ತೂರಿ, ಒಳಗಿನ ಸೀಟಿನ ಮೇಲೆ ಬಿದ್ದಾಗಿರುತ್ತಿತ್ತು. ಆಮೇಲೆ ಅವರಿಗೆ ಅವಸರವೆಂಬುದಿಲ್ಲ. ಬಾಗಿಲಲ್ಲಿ ಜನ ಗಂಟು, ಚೀಲ, ಕೂಸುಗಳ ಸಮೇತ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೆ ಸರ್ ಹೋಟೆಲಿನ ಮುಂದೆ ನಿಂತು, ಬಸಿಯಲ್ಲಿ ಚಹಾ ಸುರುವಿಕೊಂಡು, ಊದಿ ಊದಿ ಕುಡಿಯುತ್ತಾ ಆ ನೂಕಾಟವನ್ನು ಮನಸಾರೆ ನೋಡುತ್ತಿದ್ದರು. ಕಂಡಕ್ಟರ್ ಸೀಟಿ ಊದುವ ಮೊದಲು ಹತ್ತಿ, ಟವೆಲ್ ಎತ್ತಿ ಝಾಡಿಸಿ, ಹೆಗಲಿಗೆ ಹಾಕಿಕೊಂಡು ಕೂರುತ್ತಿದ್ದರು. ಕಾಲಿಡಲು ತೆರಪಿಲ್ಲದ ಬಸ್ಸಿನಲ್ಲಿ ಅದೊಂದು ಜಾಗ ಖಾಲಿಯೇ ಉಳಿದಿರುತ್ತಿತ್ತು.

ಸೀಟಿಗೆ ಟವೆಲ್ ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಆದರೆ ಅದನ್ನು ಕಂಡು ಬೆರಗಾಗುತ್ತಿದ್ದವರು ನನಗೆ ಗೊತ್ತಿದ್ದ ಮಟ್ಟಿಗೆ ಮೋನಪ್ಪ ಸರ್ ಒಬ್ಬರೇ. ಅವರು ಶಹಾಪುರದ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು, ಮನೆ ಸುರಪುರದಲ್ಲಿ. ತಾಯಿಯ ತವರು ತಿಂಥಣಿಯಾದ್ದರಿಂದ ಅಲ್ಲಿನ ಮೌನೇಶ್ವರನ ಹೆಸರಿಟ್ಟಿದ್ದರಂತೆ, ಆದರೆ ದೇವರ ಮೌನದಲ್ಲಿ ಒಂದು ತುಣುಕೂ ಈ ಭಕ್ತನ ಪಾಲಿಗೆ ಬಂದಿರಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಅವರು ಮಾತಾಡಿದರೆ ಮುಂದಿನ ಡ್ರೈವರನಿಗೂ ಪಾಠವಾಗುತ್ತಿತ್ತು. ತೆಳ್ಳಗಿನ ಆಳು, ಪ್ಯಾಂಟಿನ ಮೇಲೆ ಯಾವಾಗಲೂ ಸುಣ್ಣದ ಕಡ್ಡಿಯ ಬಿಳಿ ಕೈಗುರುತು, ಇಸ್ತ್ರಿ ಮಾಡಿದ ಶರ್ಟಿನ ಮೇಲೆ ಒಕ್ಕಲಿಗನ ಹಾಗೆ ಆ ಟವೆಲ್.

ಅವರಿಗೆ ಹುಚ್ಚು ಹಿಡಿಸಿದ್ದ ವಿಷಯ ಒಂದೇ: ಪೈಪೋಟಿ ಮತ್ತು ಜಗಳ. ಮನುಷ್ಯರು ಯಾಕೆ ಜಿದ್ದಿಗೆ ಬೀಳುತ್ತಾರೆ, ಬಿದ್ದ ಮೇಲೆ ಎಷ್ಟು ಸುಡುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ. ನಮ್ಮ ಪಠ್ಯದಲ್ಲಿ ಆಟದ ಸಿದ್ಧಾಂತ ಅಂತ ಕಡೆಯಲ್ಲಿ ಅರ್ಧ ಪುಟವಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಬೇರೆಯವರು ಬಿಡುತ್ತಿದ್ದ ಆ ಅರ್ಧ ಪುಟವನ್ನು ಸರ್ ವರ್ಷವಿಡೀ ಕಲಿಸುತ್ತಿದ್ದರು. ಬ್ಯಾಂಕು, ಬಜೆಟ್ಟು ಎಲ್ಲ ಅವಸರದಲ್ಲಿ ಓಡುತ್ತಿದ್ದವು. ವನದುರ್ಗದ ಕೋಟೆ ತೋರಿಸಲು ನಮ್ಮನ್ನು ಕರೆದುಕೊಂಡು ಹೋದಾಗಲೂ ರಾಜನ ಹೆಸರು ಹೇಳಲಿಲ್ಲ. ಗೋಡೆಯ ಕಲ್ಲು ತಟ್ಟಿ, ಈ ಕಡೆಯವನು ಗೋಡೆ ಏರಿಸಿದ್ದಕ್ಕೆ ಆ ಕಡೆಯವನು ತೋಪು ಎರಕ ಹೊಯ್ಯಿಸಿದ, ಅವನ ತೋಪಿಗೆ ಇವನು ಮತ್ತೆ ಗೋಡೆ ದಪ್ಪ ಮಾಡಿದ, ಅಷ್ಟು ಮಂದಿ ಕಲ್ಲು ಹೊತ್ತ ದಿನಗಳಲ್ಲಿ ಎಷ್ಟು ಹೊಲ ಬಿತ್ತಬಹುದಿತ್ತು ಲೆಕ್ಕ ಹಾಕಿ ಅಂದರು. ನಾವು ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿದ್ದೆವು.

ಬಸ್ಸು ಅವರ ಪ್ರಯೋಗಶಾಲೆ. ಟವೆಲ್ ಬದಲು ಬೇರೆ ಏನಿಟ್ಟರೆ ಜನ ಸೀಟು ಬಿಡುತ್ತಾರೆ ಎಂಬುದನ್ನು ಅವರು ತಿಂಗಳುಗಟ್ಟಲೆ ಪರೀಕ್ಷಿಸಿದರು. ಪೇಪರ್ ಇಟ್ಟರೆ ಜನ ಅದನ್ನೆತ್ತಿ ಓದುತ್ತಾ ಅಲ್ಲೇ ಕೂತುಬಿಡುತ್ತಿದ್ದರು. ಕೊಡೆಯನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಊಟದ ಡಬ್ಬಿಯನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು, ಸಾರು ಚೆಲ್ಲದ ಹಾಗೆ ಕಾಯ್ದು, ಸರ್ ಬಂದ ಮೇಲೆ ಕೊಡುತ್ತಿದ್ದರು, ಸೀಟು ಕೊಡುತ್ತಿರಲಿಲ್ಲ. ಒಂದು ದಿನ ಸರ್ ಒಂದು ನಿಂಬೆಹಣ್ಣು ಇಟ್ಟರು. ಮೊದಲು ನೋಡಿದ ಹೆಂಗಸು ಹಿಂದೆ ಸರಿದಳು, ಅವಳ ಹಿಂದಿನವನು ಮುಂದೆ ಬರಲಿಲ್ಲ, ಪಕ್ಕದ ಸೀಟಿನವರು ಎದ್ದರು, ಎದುರಿನವರು ಎದ್ದರು. ಯಾರೋ ಮಾಟ ಮಾಡಿಸಿದ್ದಾರೆ ಎಂಬ ಮಾತು ಬಾಗಿಲಿಗೆ ಮುಟ್ಟುವಷ್ಟರಲ್ಲಿ ಅರ್ಧ ಬಸ್ಸು ಕೆಳಗಿಳಿದಿತ್ತು. ಕಂಡಕ್ಟರ್ ಗಾಡಿ ಬಿಡುವುದಿಲ್ಲವೆಂದ. ಡ್ರೈವರ್ ತನ್ನ ಬಾಗಿಲಿನಿಂದಲೇ ಹಾರಿ ದೂರ ನಿಂತ. ಕೊನೆಗೆ ಸರ್ ಚಹಾದ ಬಸಿ ಕೆಳಗಿಟ್ಟು ಬಂದು, ನಿಂಬೆಹಣ್ಣು ಜೇಬಿಗೆ ಹಾಕಿಕೊಂಡು, ಉಪ್ಪಿನಕಾಯಿಗೆಂದು ತಂದದ್ದು ಅಂದರು. ಅವತ್ತು ಅವರಿಗೆ ಸೀಟೇನೋ ಸಿಕ್ಕಿತು, ಆದರೆ ಸುರಪುರದ ತನಕ ಅವರ ಪಕ್ಕ ಯಾರೂ ಕೂರಲಿಲ್ಲ. ಮಾತಾಡಲು ಒಂದು ಜೀವವೂ ಸಿಗದೆ ಅವರು ಅನುಭವಿಸಿದ ಸಂಕಟವನ್ನು ನಾನು ಹಿಂದಿನ ಸೀಟಿನಿಂದ ನೋಡಿದ್ದೇನೆ.

ಕ್ಲಾಸಿನಲ್ಲಿ ಅವರ ಆಟ ಶೇಂಗಾದ್ದು. ನಮ್ಮನ್ನು ಎರಡು ಪಾಳಯ ಮಾಡಿ, ಎರಡಕ್ಕೂ ಶೇಂಗಾ ಕೊಟ್ಟು, ಮೇಜಿನ ಮೇಲೆ ಒಂದು ತುಂಡು ಬೆಲ್ಲ ಇಡುತ್ತಿದ್ದರು. ಯಾರು ಬಟ್ಟಲಿಗೆ ಹೆಚ್ಚು ಶೇಂಗಾ ಹಾಕುತ್ತಾರೋ ಅವರಿಗೆ ಬೆಲ್ಲ. ಆದರೆ ಸೋತವರು ಹಾಕಿದ್ದೂ ಮರಳಿ ಬರುವುದಿಲ್ಲ. ಅವರು ಒಂದು ಹಿಡಿ ಹಾಕಿದರೆ ನಾವು ಎರಡು, ನಾವು ಎರಡು ಹಾಕಿದರೆ ಅವರು ಮೂರು. ಆ ಬೆಲ್ಲಕ್ಕೆ ಅಷ್ಟು ಶೇಂಗಾದ ಬೆಲೆಯಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೂ ಕೈ ನಿಲ್ಲುತ್ತಿರಲಿಲ್ಲ. ಸರ್ ಶೇಂಗಾ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ ಅನ್ನುತ್ತಿದ್ದರು:

"ಜಗಳದಾಗ ಯಾರು ಗೆದ್ರು ಅಂತ ಕೇಳಬ್ಯಾಡ್ರಿ. ಇಬ್ಬರೂ ಕೂಡಿ ಎಷ್ಟ್ ಸುಟ್ರು ಅಂತ ಕೇಳ್ರಿ."

ಪುಸ್ತಕದ ಪ್ರಕಾರ ಮನುಷ್ಯ ಇಷ್ಟೊಂದು ಹಾಕಬಾರದು, ಆದರೆ ಪುಸ್ತಕದ ಮನುಷ್ಯ ಬೇರೆ, ಶಹಾಪುರದ ಮನುಷ್ಯ ಬೇರೆ ಎನ್ನುವುದು ಅವರ ಇನ್ನೊಂದು ಮಾತು. ನಾವು ನಗುತ್ತಿದ್ದೆವು. ಅದು ನಮ್ಮ ಮನೆಯದೇ ಕಥೆ ಅಂತ ನನಗಾಗ ಹೊಳೆದಿರಲಿಲ್ಲ.

ನಮ್ಮೂರು ಶಹಾಪುರ ಮತ್ತು ಸುರಪುರದ ನಡುವಿನ ರಸ್ತೆಯ ಮೇಲಿದೆ. ಕಾಲುವೆ ಬಂದು ನಾಲ್ಕಾರು ವರ್ಷವಾಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ಕಪ್ಪು ನೆಲದಲ್ಲಿ ಭತ್ತದ ಹಸಿರು ಕಂಡು ಊರಿಗೆ ಊರೇ ಹಿಗ್ಗಿತ್ತು. ನಮ್ಮ ಹೊಲಕ್ಕೂ ನಮ್ಮಪ್ಪನ ದಾಯಾದಿ ಭೀಮರಾಯ ಕಾಕಾನ ಹೊಲಕ್ಕೂ ನೀರು ಒಂದೇ ಸಣ್ಣ ಕಾಲುವೆಯಿಂದ ಬರುತ್ತಿತ್ತು. ಅದು ಕವಲೊಡೆಯುವಲ್ಲಿ ಒಂದು ಮರದ ಹಲಗೆ. ಹಲಗೆಯನ್ನು ಎಡಕ್ಕೆ ಅಡ್ಡ ಇಟ್ಟರೆ ನೀರು ನಮಗೆ, ಬಲಕ್ಕೆ ಇಟ್ಟರೆ ಅವರಿಗೆ. ಒಂದು ದಿನ ಅವರ ಪಾಳಿ, ಒಂದು ದಿನ ನಮ್ಮದು ಎಂದು ಮಾತಾಗಿತ್ತು. ಆದರೆ ಯಾರೋ ಒಮ್ಮೆ ಕತ್ತಲಲ್ಲಿ ಹಲಗೆ ಸರಿಸಿದರು. ಯಾರು ಮೊದಲು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಅಪ್ಪ ರಾತ್ರಿ ಕಾವಲು ಕೂತ. ಕಾಕಾನೂ ಕೂತ. ಹಗಲು ಅಪ್ಪ ಮಲಗಬೇಕಾದ್ದರಿಂದ, ಅವ್ವ ನಾಟಿಗೆ ಹೋಗಬೇಕಾದ್ದರಿಂದ, ಹಗಲಿನ ಕಾವಲಿಗೆ ನನ್ನನ್ನು ಕಾಲೇಜು ಬಿಡಿಸಿ ಕೂರಿಸಿದರು. ಅದನ್ನು ನೋಡಿ ಕಾಕಾ ತನ್ನ ಮಗ ಮಲ್ಲಪ್ಪನನ್ನು ಕೂರಿಸಿದ. ಮಲ್ಲಪ್ಪ ನನ್ನದೇ ಕ್ಲಾಸು. ದಿನಾ ಒಂದೇ ಬಸ್ಸಿಗೆ ಹೋಗುತ್ತಿದ್ದ ನಾವಿಬ್ಬರು ಈಗ ಒಂದೇ ಕಾಲುವೆಯ ಎರಡು ದಂಡೆಯ ಮೇಲೆ, ಮಾತಾಡಬಾರದೆಂಬ ಕಟ್ಟಪ್ಪಣೆಯೊಂದಿಗೆ, ಒಬ್ಬರನ್ನೊಬ್ಬರು ಕಾಯುತ್ತಾ ಕೂತೆವು. ಇಬ್ಬರಿಗೂ ಸೇರಿ ಕೊಂಡಿದ್ದ ಪುಸ್ತಕ ಅವನ ಹತ್ತಿರ ಉಳಿದುಬಿಟ್ಟಿತ್ತು. ಅವನು ತನಗೆ ತಾನೇ ಓದಿಕೊಳ್ಳುವವನ ಹಾಗೆ ಗಟ್ಟಿಯಾಗಿ ಓದುತ್ತಿದ್ದ. ನಾನು ಬೇರೆ ಕಡೆ ಮುಖ ಮಾಡಿ ಕೇಳಿಸಿಕೊಳ್ಳುತ್ತಿದ್ದೆ.

ನನಗೆ ಒಳಗೊಳಗೇ ಹೆದರಿಕೆ. ನಮ್ಮ ಓಣಿಯಲ್ಲಿ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಮ್ಮೆ ಬಿಟ್ಟರೆ ಮತ್ತೆ ಕಳಿಸುವುದಿಲ್ಲ. ಬಿಟ್ಟವರನ್ನು ನೋಡಿದ್ದೆ, ಮರುವರ್ಷವೇ ಮದುವೆ. ಓದಿ ಮಾಸ್ತರಾಗಬೇಕೆಂಬುದು ನನ್ನ ಒಂದೇ ಆಸೆಯಾಗಿತ್ತು. ಆ ಹಲಗೆಯ ಮುಂದೆ ಕೂತು ಅದನ್ನೇ ನೋಡುತ್ತಿದ್ದರೆ ಎಷ್ಟೋ ಸಲ ಅದನ್ನು ಕಿತ್ತು ನೀರಿಗೆ ಒಗೆಯಬೇಕು ಅನಿಸುತ್ತಿತ್ತು.

ಒಂದೇ ಊರಿನ ಎರಡು ಜಾಗ ಕ್ಲಾಸಿನಲ್ಲಿ ಖಾಲಿ ಕಂಡದ್ದಕ್ಕೆ ಸರ್ ವಿಚಾರಿಸಿದರು. ಬಂದ ಭಾನುವಾರ ಅವರೇ ಕಾಲುವೆಯ ದಂಡೆಯ ಮೇಲೆ ಪ್ರತ್ಯಕ್ಷರಾದರು, ಹೆಗಲಲ್ಲಿ ಟವೆಲ್, ಕೈಯಲ್ಲಿ ಶೇಂಗಾದ ಚೀಲ. ನಿಮ್ಮ ಕಡೆಯಿಂದ ಒಬ್ಬರನ್ನು ತೆಗೆಯಿರಿ, ಅವರ ಕಡೆಯಿಂದ ಒಬ್ಬರನ್ನು ತೆಗೆಯಲಿ, ಕಾವಲು ಸಮ ಇದ್ದದ್ದು ಸಮವೇ ಇರುತ್ತದೆ, ಎರಡು ಮಕ್ಕಳ ಓದು ಉಳಿಯುತ್ತದೆ ಎಂದು ಇಬ್ಬರಿಗೂ ಹೇಳಿದರು. ಮೊದಲು ಅವನು ತೆಗೆಯಲಿ ಎಂದು ಅಪ್ಪ, ಮೊದಲು ಇವನು ತೆಗೆಯಲಿ ಎಂದು ಕಾಕಾ. ಹಾಗಾದರೆ ಒಂದು ಆಟ ಆಡೋಣ ಎಂದು ಸರ್ ಇಬ್ಬರನ್ನೂ ಎದುರುಬದುರು ಕೂರಿಸಿ, ನಡುವೆ ಬೆಲ್ಲ ಇಟ್ಟು, ಶೇಂಗಾ ಹಂಚಿದರು. ಇವರು ಆಡಿ ನೋಡಿ, ಸುಟ್ಟದ್ದೆಷ್ಟು ಎಂದು ಕಂಡು, ನಾಚಿ, ಎದ್ದು ಹೋಗುತ್ತಾರೆ ಎಂಬುದು ಅವರ ಲೆಕ್ಕ.

ಇಬ್ಬರೂ ಒಂದೇ ಉಸಿರಿಗೆ ಇದ್ದ ಶೇಂಗಾ ಎಲ್ಲಾ ಸುರುವಿದರು. ಸರಿಸಮ. ಕಾಕಾ ತನ್ನ ಬುತ್ತಿಯ ರೊಟ್ಟಿ ತಂದು ಬಟ್ಟಲಿನ ಮೇಲಿಟ್ಟ. ಅಪ್ಪ ಎಲೆಅಡಿಕೆಯ ಚಂಚಿ ಬಿಚ್ಚಿ ಇಟ್ಟ. ಕಾಕಾ ಕುಡಗೋಲು ಇಟ್ಟ. ಅಪ್ಪ ಕಾಲಿನ ಮೆಟ್ಟು ಕಳಚುವುದಕ್ಕೂ ಬಗ್ಗಿದ. ಸರ್ ಎರಡೂ ಕೈ ಮೇಲೆತ್ತಿ ಬೇಡ ಬೇಡ ಅನ್ನುತ್ತಿದ್ದರು. ಅಷ್ಟರಲ್ಲಿ ಹಿಂದೆ ಮೇಯುತ್ತಿದ್ದ ನಮ್ಮ ಎತ್ತು ಕುತ್ತಿಗೆ ಚಾಚಿ ಬೆಲ್ಲವನ್ನು ಎತ್ತಿಕೊಂಡು ತಿಂದಿತು. ಅದಕ್ಕೂ ಜಗಳವಾಯಿತು, ಎತ್ತು ನಮ್ಮದಾದ್ದರಿಂದ ನಾವು ಗೆದ್ದಂತೆ ಎಂದು ಅಪ್ಪನ ವಾದ. ಮಲ್ಲಪ್ಪ ಮತ್ತು ನಾನು ಬಹಳ ದಿನದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಸರ್ ಕೂಡ ನಕ್ಕರು. ಆದರೆ ಅವರನ್ನು ರಸ್ತೆಯ ತನಕ ಕಳಿಸಲು ಹೋದಾಗ ಅವರ ಮುಖ ಸಣ್ಣದಾಗಿತ್ತು. ಖಾಲಿ ಚೀಲ ಮಡಚಿ ಜೇಬಿಗಿಟ್ಟುಕೊಂಡು ಬಸ್ಸಿಗೆ ಕಾದರು. ಅವರನ್ನು ಹಾಗೆ ನೋಡಿ ನನ್ನ ಹೆದರಿಕೆ ಹೆಚ್ಚಾಯಿತು.

ಮುಂದಿನ ವಾರ ಅಪ್ಪ ನನ್ನನ್ನು ಕರೆದುಕೊಂಡು ಶಹಾಪುರಕ್ಕೆ ಹೊರಟ, ಕಾಲೇಜಿನಿಂದ ಟೀಸಿ ತೆಗೆಸಲು. ದಾರಿಯುದ್ದಕ್ಕೂ ನಾನು ಅತ್ತೆ, ಅವನು ಕಿಟಕಿಯ ಹೊರಗೆ ನೋಡಿದ. ಸರ್ ಆಫೀಸಿನ ಬಾಗಿಲಲ್ಲೇ ಅಡ್ಡ ನಿಂತು, ಕ್ಲಾರ್ಕ್ ಕಲಬುರಗಿಗೆ ಹೋಗಿದ್ದಾನೆ, ಸೋಮವಾರ ಬನ್ನಿ ಎಂದು ಕೈ ಮುಗಿದರು. ಕ್ಲಾರ್ಕ್ ಆ ಬಾಗಿಲ ಹಿಂದೆಯೇ ಕೂತು ಊಟ ಮಾಡುತ್ತಿದ್ದ. ಅವನ ಕೆಮ್ಮು ನನಗೂ ಕೇಳಿಸಿತು, ಅಪ್ಪನಿಗೂ ಕೇಳಿಸಿರಬೇಕು. ಅಪ್ಪ ತಿರುಗಿ ಹೊರಟ.

ಸಂಜೆ ಬಸ್ ಸ್ಟ್ಯಾಂಡಿಗೆ ಬಂದೆವು. ಸಂತೆಯ ದಿನ, ನೂಕಾಟ ಹೇಳತೀರದು. ಅಪ್ಪ ಹೇಗೋ ಮೊದಲಿಗನಾಗಿ ಒಳಗೆ ನುಗ್ಗಿ, ನನ್ನನ್ನು ಹೆಂಗಸರ ಸೀಟಿನಲ್ಲಿ ಕೂರಿಸಿ, ತನಗೆ ಜಾಗ ಹುಡುಕಿದ. ಒಂದು ಸೀಟು ಖಾಲಿಯಿತ್ತು, ಅದರ ಮೇಲೆ ಕೆಂಪು ಚೌಕಳಿಯ ಟವೆಲ್. ಅದರ ಮೂಲೆಯಲ್ಲಿ ಬೀಡಿ ಸುಟ್ಟ ತೂತು. ಅದು ಯಾರದೆಂದು ಅಪ್ಪನಿಗೂ ಗೊತ್ತು, ನನಗೂ ಗೊತ್ತು. ಭೀಮರಾಯ ಕಾಕಾ ಕೆಳಗೆ ನಿಂತು ಕಬ್ಬಿನ ಹಾಲು ಕುಡಿಯುತ್ತಿದ್ದ. ಹೊಲದಲ್ಲಿ ಸಿಕ್ಕರೆ ಕಾಲು ಮುರಿಯುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದ ನಮ್ಮಪ್ಪ ಆ ಟವೆಲನ್ನು ನೋಡಿದ, ಸೀಟಿನ ಮೇಲಿನ ಕಂಬಿ ಹಿಡಿದ, ಅಲ್ಲೇ ನಿಂತ. ಬಸ್ಸು ತುಂಬಿತು. ಅಪ್ಪ ಒಂದೇ ಕಾಲಿನ ಮೇಲೆ ನಿಲ್ಲುವ ಹಾಗಾಯಿತು. ಸೀಟು ಖಾಲಿಯೇ ಇತ್ತು. ಕಾಕಾ ಬಾಯಿ ಒರೆಸಿಕೊಳ್ಳುತ್ತಾ ಬಂದು, ನಮ್ಮಪ್ಪನ ತೋಳಿನ ಕೆಳಗಿಂದ ನುಸುಳಿ, ಟವೆಲ್ ಎತ್ತಿ ಕೂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಹಿಂದಿನ ಸೀಟಿನಲ್ಲಿ ಮೋನಪ್ಪ ಸರ್ ಇದ್ದರು. ಬಸ್ಸು ಸ್ಟ್ಯಾಂಡು ದಾಟುವ ತನಕ ಅವರು ಹೇಗೆ ಬಾಯಿ ಮುಚ್ಚಿಕೊಂಡಿದ್ದರೋ ಕಾಣೆ. ಆಮೇಲೆ, ಹಣಮಂತಪ್ಪನವರೇ, ಆ ಸೀಟಿನಲ್ಲಿ ಯಾಕೆ ಕೂರಲಿಲ್ಲ ಎಂದು ಅಪ್ಪನನ್ನು ಕೇಳಿದರು, ಇಡೀ ಬಸ್ಸಿಗೆ ಕೇಳಿಸುವ ಹಾಗೆ. ಅಪ್ಪ ಕಂಬಿಯನ್ನು ಇನ್ನೊಂದು ಕೈಗೆ ಬದಲಿಸಿದ. ಸರ್ ಬಿಡಲಿಲ್ಲ.

"ಟವಲ್ ಇತ್ತಲ್ರಿ," ಅಂದ ಅಪ್ಪ.

"ಟವಲ್ ಯಾರದು ಅಂತ ಗೊತ್ತಿತ್ತಿಲ್ಲೋ?"

"ಗೊತ್ತದ. ಸಿಟ್ಟು ಅವನ ಮ್ಯಾಲ ಅದರಿ, ಅವನ ಟವಲ್ ಮ್ಯಾಲ ಏನದ? ಇವತ್ತ ಅವಂದು ತಗದ್ ಒಗದೆ ಅಂದ್ರ ನಾಳಿ ನಂದಕ್ಕ ಯಾರ್ ಮರ್ಯಾದಿ ಕೊಡ್ತಾರ?"

ಸರ್ ಎದ್ದೇ ನಿಂತರು. ಅವರ ಕಣ್ಣು ಹೊಳೆಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅವರು ಅಪ್ಪನಿಗೆ ಹೇಳಿದರೋ, ಕಾಕಾನಿಗೆ ಹೇಳಿದರೋ, ಬಸ್ಸಿಗೆ ಹೇಳಿದರೋ ಗೊತ್ತಿಲ್ಲ.

"ಬಸ್ಸಿನಾಗ ಕಾವಲು ಯಾರೂ ಇಲ್ಲ. ಆದ್ರೂ ಸೀಟು ಉಳೀತದ. ಹೊಲದಾಗ ನಾಕ್ ಮಂದಿ ಕಾವಲು ಕುಂತೀರಿ, ಹಲಗಿ ಉಳೀವಲ್ದು. ಅದ ಟವಲ್ ಹಲಗಿ ಮ್ಯಾಲ ಹಾಕ್ರಿ. ಪಾಳಿ ಯಾರದದ ಅವರ ಟವಲ್. ಹಾಕಿದಾವನ ಬಂದು ತಗೀಬೇಕು, ಮತ್ತೊಬ್ಬರು ಮುಟ್ಟಂಗಿಲ್ಲ. ಆದ್ರ ಒಂದು ಮಾತು, ಹಾಕಿದಾವ ಹೊತ್ತಿಗಿ ಬರ್ಬೇಕು. ಬರಲಾರದವನ ಟವಲ್ ಟವಲ್ ಅಲ್ಲ, ಬರೇ ಅರಬಿ ತುಂಡು."

ಬಸ್ಸಿನಲ್ಲಿ ಎಲ್ಲರಿಗೂ ಈ ವಿಷಯದಲ್ಲಿ ಅಭಿಪ್ರಾಯವಿತ್ತು. ಒಬ್ಬ ಸರಿ ಅಂದ, ಒಬ್ಬ ಗಾಳಿಗೆ ಹಾರಿದರೆ ಅಂದ, ಕೋಳಿ ಹಿಡಿದುಕೊಂಡಿದ್ದ ಮುದುಕಿ ಇಬ್ಬರು ಗಂಡಸರಿಗೂ ಸೇರಿಸಿ ಬೈದಳು. ಬಸ್ಸಿನೊಳಗೆ ಪಂಚಾಯಿತಿ ಕೂಡಿದಂತಾಯಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, ಒಬ್ಬರ ಟವೆಲ್ ಮತ್ತೊಬ್ಬರು ತೆಗೆದದ್ದು ಗೊತ್ತಾದರೆ ಅಂಥವರನ್ನು ಈ ಗಾಡಿಗೆ ಹತ್ತಿಸುವುದಿಲ್ಲ ಎಂದು ಸಾರಿದ. ಅಷ್ಟು ಮಂದಿಯ ಮುಂದೆ ಬೇಡ ಅನ್ನಲು ಇಬ್ಬರಿಗೂ ಆಗಲಿಲ್ಲ. ನಮ್ಮೂರು ಬಂದಾಗ ಕಾಕಾ ಮೊದಲು ಇಳಿದು, ಬೆನ್ನು ತಿರುಗಿಸಿಕೊಂಡೇ, ನಾಳೆ ಪಾಳಿ ನಿಂದು, ಟವಲ್ ತಂದು ಹಾಕು ಅಂದ. ತಿಂಗಳಲ್ಲಿ ಅವನು ಅಪ್ಪನಿಗೆ ಬೈಗುಳವಲ್ಲದ ಮಾತಾಡಿದ್ದು ಅದೇ ಮೊದಲು.

ಹಲಗೆಯ ಪಕ್ಕ ಒಂದು ಗೂಟ ಹುಗಿದರು. ಬೆಳಿಗ್ಗೆ ಹೊತ್ತು ಮೂಡಿದಾಗ ಒಬ್ಬ ಬಂದು ತನ್ನ ಟವೆಲ್ ಬಿಚ್ಚಿಕೊಳ್ಳುವುದು, ಇನ್ನೊಬ್ಬ ಬಂದು ಕಟ್ಟುವುದು. ಮೊದಮೊದಲು ಇಬ್ಬರೂ ತಂತಮ್ಮ ಮಾಳಿಗೆ ಹತ್ತಿ ಆ ಗೂಟದ ಕಡೆಯೇ ನೋಡುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು. ನಾನು, ಮಲ್ಲಪ್ಪ ಸೋಮವಾರ ಕಾಲೇಜಿಗೆ ಹೋದೆವು, ಒಂದು ಪ್ರಯೋಗದ ಹಾಗೆ. ಅಪ್ಪ ಟೀಸಿಯ ಮಾತು ಪೂರ್ತಿ ಬಿಟ್ಟಿರಲಿಲ್ಲ, ನೋಡೋಣ ಎಂದಷ್ಟೇ ಹೇಳಿದ್ದ. ನನ್ನ ಓದು ಆ ಗೂಟಕ್ಕೆ ಕಟ್ಟಿದ ಬಟ್ಟೆಯ ಗಂಟಿನಲ್ಲಿತ್ತು.

ಅದು ಬಿಚ್ಚಿದ್ದು ಒಂದು ಬೆಳಗು. ಗಾಳಿ ಬಿಟ್ಟಿತ್ತು, ಹೊತ್ತು ಇನ್ನೂ ಮೂಡಿರಲಿಲ್ಲ. ನಾನು ಅಪ್ಪ ಇಬ್ಬರೂ ಹೊಲಕ್ಕೆ ಹೋದಾಗ ಗೂಟ ಬೋಳಾಗಿತ್ತು. ಕಾಕಾನ ಕೆಂಪು ಟವೆಲ್ ಕೆಸರಿನಲ್ಲಿ ಬಿದ್ದಿತ್ತು. ಪಾಳಿ ಇನ್ನೂ ಅವನದೇ, ನೀರು ಅವನ ಹೊಲಕ್ಕೇ ಹರಿಯುತ್ತಿತ್ತು. ಅಪ್ಪ ಹಲಗೆ ಸರಿಸಿದರೆ ಕೇಳುವವರಿಲ್ಲ, ಟವೆಲ್ ಇರಲೇ ಇಲ್ಲ ಅನ್ನಬಹುದು. ಟವೆಲ್ ಎತ್ತಿ ಕಟ್ಟಲು ಹೋದರೆ, ಕಾಕಾ ದೂರದಿಂದ ನೋಡಿದರೆ, ಬಿಚ್ಚುತ್ತಿದ್ದಾನೆ ಎಂದೇ ತಿಳಿಯುತ್ತಾನೆ. ಅಪ್ಪ ಒಮ್ಮೆ ಹಲಗೆ ನೋಡಿದ, ಒಮ್ಮೆ ಕೆಸರಿನಲ್ಲಿದ್ದ ಟವೆಲ್ ನೋಡಿದ. ಅವನ ಮುಖದಲ್ಲಿ ಏನು ನಡೆಯುತ್ತಿದೆ ಎಂದು ನಾನು ನೋಡುತ್ತಿದ್ದೆ.

"ಹೋಗು, ಭೀಮನ ಕರಕೊಂಡು ಬಾ," ಅಂದ ನನಗೆ. "ಲಗೂನ ಹೋಗು. ಅವ ಬರೂತನಕ ನಾ ಇಲ್ಲೇ ನಿಂತಿರ್ತೀನಿ. ಯಾವನರ ಹಲಗಿ ಸರಿಸಿ ಗಿರಿಸಿಯಾನ."

ನಾನು ಓಡಿದೆ. ಕಾಕಾನ ಮನೆಯ ಹೊಸ್ತಿಲು ತುಳಿದು ಬಹಳ ದಿನವಾಗಿತ್ತು. ಕಾಕಾ ಹಲ್ಲುಜ್ಜುತ್ತಿದ್ದವನು ಹಾಗೆಯೇ ನನ್ನ ಹಿಂದೆ ಬಂದ. ಅಷ್ಟು ದೂರದಿಂದಲೇ ಕಾಣುತ್ತಿತ್ತು, ನಮ್ಮಪ್ಪ ಹಲಗೆಗೆ ಬೆನ್ನು ಮಾಡಿ, ಕೈಕಟ್ಟಿಕೊಂಡು, ಕಾಕಾನ ಪಾಲಿನ ನೀರನ್ನು ಕಾಯುತ್ತಾ ನಿಂತಿದ್ದ. ಕಾಕಾ ಬಾಯಲ್ಲಿದ್ದ ಬೇವಿನ ಕಡ್ಡಿ ತೆಗೆದ. ತನ್ನ ಟವೆಲನ್ನು ಕಾಲುವೆಯಲ್ಲಿ ಜಾಲಾಡಿ, ಹಿಂಡಿ, ಗೂಟಕ್ಕೆ ಕಟ್ಟಿದ. ಗಂಟು ಗಟ್ಟಿಯಾಗಲಿಲ್ಲವೆಂದು ಅಪ್ಪ ಗೂಟ ಹಿಡಿದುಕೊಂಡ. ಆಮೇಲೆ ಇಬ್ಬರೂ ದಂಡೆಯ ಮೇಲೆ ಕೂತು, ಅಪ್ಪನ ಚಂಚಿಯಿಂದ ಎಲೆ ಹಾಕಿಕೊಂಡರು. ನಾನು ಚೀಲ ತೆಗೆದುಕೊಂಡು ಬಸ್ಸಿಗೆ ಓಡಿದೆ. ಟೀಸಿಯ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಕಾಲೇಜಿಗೆ ಹೋದವಳೇ ಇದನ್ನೆಲ್ಲ ಸರ್‌ಗೆ ಹೇಳಿದೆ. ಅವರು ಕೇಳಿ ಮುಗಿಸಿ, ಏನೋ ಹೇಳಲು ಬಾಯಿ ತೆರೆದು, ಮುಚ್ಚಿದರು. ಟವೆಲಿನಿಂದ ಕನ್ನಡಕ ಒರೆಸಿಕೊಂಡರು. ಮೌನೇಶ್ವರ ಒಂದಿಷ್ಟು ಹೊತ್ತು ತನ್ನ ಭಕ್ತನನ್ನು ನೆನೆದಿರಬೇಕು. ಕ್ಲಾಸಿಗೆ ಬಂದ ಮೇಲೆ ಮಾತ್ರ, ಎದುರಾಳಿಯ ಪಾಲನ್ನು ಕಾಯುವವನ ಬಗ್ಗೆ ಪುಸ್ತಕದಲ್ಲಿ ಏನು ಬರೆದಿದೆ ಹುಡುಕಿ ಎಂದು ನಮಗೆ ಹೇಳಿದರು. ಹುಡುಕಿದೆವು, ಇರಲಿಲ್ಲ. ಅದರಿಂದ ಅವರಿಗೆ ಬೇಸರವೇನೂ ಆದಂತೆ ಕಾಣಲಿಲ್ಲ.

ನಾನು ಪಾಸಾದೆ, ಮಾಸ್ತರಿಕೆ ಸಿಕ್ಕಿತು. ಶಹಾಪುರದಲ್ಲಿ ಮನೆ, ಸುರಪುರದಲ್ಲಿ ಶಾಲೆ, ನಡುವೆ ಅದೇ ಬಸ್ಸು. ಸರ್ ರಿಟೈರಾಗಿ ಯಾದಗಿರಿಯಲ್ಲಿ ಮಗಳ ಮನೆಗೆ ಹೋದರು. ಕೊನೆಯ ಸಲ ಅವರನ್ನು ನೋಡಿದ್ದು ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ. ಬಹಳ ಇಳಿದುಹೋಗಿದ್ದರು, ಕೋಲು ಬಂದಿತ್ತು, ಆದರೆ ದನಿ ಹಾಗೆಯೇ ಇತ್ತು. ಯಾದಗಿರಿಯ ಬಸ್ಸಿಗೆ ಕಾಯುತ್ತಿದ್ದರು. ಅಪ್ಪ, ಕಾಕಾ ಹೇಗಿದ್ದಾರೆ ಎಂದು ಕೇಳಿದರು. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಹೊಸ ಕಾಲದವರನ್ನು ಬೈಯುತ್ತಾರೆ ಎಂದೆ. ಅಷ್ಟರಲ್ಲಿ ಸುರಪುರದ ಗಾಡಿ ಬಂತು, ಜನ ನುಗ್ಗಿತು. ನಾನು ಹಿಂದೆ ಮುಂದೆ ನೋಡುತ್ತಿರುವಾಗಲೇ ಸರ್ ಕೋಲನ್ನು ನನ್ನ ಕೈಗೆ ಕೊಟ್ಟು, ಹೆಗಲಿನಿಂದ ಟವೆಲ್ ಎಳೆದು, ಉಂಡೆ ಮಾಡಿ ಒಗೆದರು. ಸರಳಿಗೆ ತಾಗಿ ಕೆಳಗೆ ಬಿತ್ತು. ಎತ್ತಿ ಮತ್ತೆ ಒಗೆದರು, ಒಳಗೆ ಹೋಯಿತು. ಹೋಗಿ ಕುಂದ್ರು ಅಂದರು.

ನಾನು ಹತ್ತಿ, ಟವೆಲ್ ಇದ್ದ ಸೀಟಿನ ಅಂಚಿನಲ್ಲಿ ಕೂತು, ಅದನ್ನು ಕಿಟಕಿಯಿಂದ ಅವರಿಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

"ಹಾಕಿದಾವ ನಾ, ನಾನ ಬಂದು ತಗೀಬೇಕವಾ. ಈಗ ಈ ನೂಕಾಟದಾಗ ಹತ್ತಾಕ ಆಗಂಗಿಲ್ಲ. ನಿನ್ನ ಹತ್ರನ ಇರ್ಲಿ, ಮುಂದಿನ ಸಲ ಬರ್ತೀನಿ."

ಬಸ್ಸು ಹೊರಟಿತು. ಅವರು ಬರಿ ಹೆಗಲಲ್ಲಿ ನಿಂತಿದ್ದರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ಟವೆಲ್ ಒಗೆದು, ಮಡಚಿ, ನನ್ನ ಶಾಲೆಯ ಚೀಲದಲ್ಲಿಟ್ಟುಕೊಂಡೆ, ಸಿಕ್ಕಾಗ ಕೊಟ್ಟರಾಯಿತೆಂದು. ಆ ಚೀಲದಲ್ಲಿ ಅದು ಬಹಳ ದಿನ ಓಡಾಡಿತು.

ಊರಲ್ಲಿ ಒಕ್ಕಲುತನ ಮಾಡಿಕೊಂಡಿರುವ ಮಲ್ಲಪ್ಪ ಒಂದು ಬೆಳಿಗ್ಗೆ ಫೋನ್ ಮಾಡಿ ಸರ್ ಹೋದರೆಂದು ಹೇಳಿದ. ಮಣ್ಣು ಆಗಲೇ ಆಗಿತ್ತು. ನಾನು ಶಾಲೆಗೆ ಹೊರಟವಳು ಬಸ್ ಸ್ಟ್ಯಾಂಡಿಗೆ ಹೋದೆ, ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಬೇಗ ಹೋಗಿದ್ದರಿಂದ ಸೀಟು ಸಿಕ್ಕಿತು. ಕೂತ ಮೇಲೆ ಚೀಲದಿಂದ ಹಸಿರಂಚಿನ ಟವೆಲ್ ತೆಗೆದು ಪಕ್ಕದ ಸೀಟಿನ ಮೇಲೆ ಹಾಸಿದೆ. ಬಸ್ಸು ತುಂಬಿತು. ಗಂಡಸರು, ಹೆಂಗಸರು, ಕಾಲೇಜಿನ ಹುಡುಗರು, ಒಬ್ಬರಾದರೂ ಆ ಸೀಟಿಗೆ ಕೈ ಹಚ್ಚಲಿಲ್ಲ. ಟವೆಲ್ ನೋಡುತ್ತಿದ್ದರು, ಮುಂದೆ ಹೋಗಿ ನಿಲ್ಲುತ್ತಿದ್ದರು. ಕಂಡಕ್ಟರ್ ಸೀಟಿ ಊದಿದ. ನನಗೆ ಅಳು ಬಂತು, ಒಂದು ಥರದ ಸಂತೋಷವೂ ಆಯಿತು. ಅವರಿದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರು ಅನಿಸಿತು.

ಹತ್ತಿಗೂಡೂರಿನಲ್ಲಿ ಕೂಸು ಎತ್ತಿಕೊಂಡ ಒಬ್ಬಳು ಹೆಂಗಸು ಹತ್ತಿದಳು. ಕಂಬಿ ಹಿಡಿಯಲು ಕೈ ಖಾಲಿಯಿರಲಿಲ್ಲ, ಸೀಟಿನ ಮೂಲೆಗೆ ಸೊಂಟ ಆನಿಸಿ ನಿಂತಳು. ಟವೆಲ್ ನೋಡಿ, ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು.

"ಇಲ್ಲಿ ಯಾರರ ಬರೋರು ಅದಾರೇನ್ರಿ?"

ಅದನ್ನು ಅವರೇ ಬಂದು ತೆಗೆಯಬೇಕಿತ್ತು. ನಾನು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದೆ. ಕಾಲುವೆಯ ನೀರು ರಸ್ತೆಯ ಪಕ್ಕದಲ್ಲೇ ಬರುತ್ತಿತ್ತು.

"ಇಲ್ಲವಾ, ಕುಂದ್ರು," ಎಂದು ಟವೆಲ್ ತೆಗೆದು, ಮಡಚಿ, ನನ್ನ ಹೆಗಲಿಗೆ ಹಾಕಿಕೊಂಡೆ.